ಠಾಣೆ ಸಿಸಿಟಿವಿ ಫುಟೇಜ್: ಕ್ಯಾಮೆರಾಗೆ 4 ಸ್ಟಾರ್, ಅದನ್ನ ಕೊಡೋ ವ್ಯವಸ್ಥೆಗೆ 1

ಪೊಲೀಸ್ ಠಾಣೆಯಿಂದ ಸಿಸಿಟಿವಿ ಫುಟೇಜ್ ಕೇಳಿ ತಗೊಳ್ಳೋದೂ ಒಂದು ಸರ್ಕಾರಿ ಸೇವೆನೇ. ಆದ್ರೆ ತಗೊಂಡೋರು ಯಾರಾದ್ರೂ ಅನುಭವ ಬರೆದಿದ್ದಾರಾ ಅಂತ ಹುಡುಕಿದ್ರೆ ನನಗೆ ಏನೂ ಸಿಗಲಿಲ್ಲ, ಅದಕ್ಕೇ ಇದು. ವಿಚಾರಣೆ ಇನ್ನೂ ನಡೀತಿರೋದ್ರಿಂದ ಯಾವ ಠಾಣೆ, ಯಾರು ಅಂತ ಬರೆಯಲ್ಲ.

ಒಂದು ಸಂಜೆ ವಾರಂಟ್ ಇದೆ ಅಂತ ಇಬ್ಬರು ಕಾನ್ಸ್‌ಟೇಬಲ್‌ಗಳು ನಮ್ಮ ಅಕ್ಕನ ಮಗನ್ನ ಕರ್ಕೊಂಡು ಹೋದ್ರು. ವಾರಂಟ್‌ನಲ್ಲಿದ್ದ ಹೆಸರೂ ಇವನ ಹೆಸರೂ ಒಂದೇ, ಊರೂ ಒಂದೇ, ತಂದೆ ಹೆಸರು ಮಾತ್ರ ಬೇರೆ. ರಾತ್ರಿ ವಾಪಸ್ ಬಂದಾಗ ಹುಡುಗನಿಗೆ ಎಡಗಿವಿ ಕೇಳಿಸ್ತಿರ್ಲಿಲ್ಲ, ಡಾಕ್ಟರ್ ನೋಡಿ ಕಿವಿತಮಟೆ ಹರಿದಿದೆ ಅಂದ್ರು. ಮೇಲಧಿಕಾರಿಗಳಿಗೆ ದೂರು ಕೊಟ್ವಿ. ಅದಕ್ಕೆ ಬಂದ ಹಿಂಬರಹದಲ್ಲಿ ಇದು ಹೆಸರಿನ ಸಾಮ್ಯತೆಯಿಂದ, ಕಣ್ತಪ್ಪಿನಿಂದ ಆದ ಘಟನೆ ಅಂತ ಬರೆದಿದ್ರು.

ಆ ಕಣ್ತಪ್ಪು ಅನ್ನೋ ಪದ ನನ್ನ ತಲೇಲಿ ಎಷ್ಟು ದಿನ ಕೂತಿತ್ತು ಅಂದ್ರೆ ಹೇಳೋಕಾಗಲ್ಲ. ಹೆಸರು ಒಂದೇ ಇದ್ದಾಗ ತಪ್ಪು ಆಗುತ್ತೆ, ಅದನ್ನ ನಾನು ಒಪ್ಕೊಳ್ತೀನಿ, ವಾರಂಟ್ ಡ್ಯೂಟಿ ಮಾಡೋರಿಗೆ ಒಂದೇ ದಿನ ಹತ್ತಾರು ಕಡೆ ಓಡಾಟ ಇರುತ್ತೆ. ಆದ್ರೆ ಹೊಡೆತ ಬಿದ್ದಿದ್ದು ತಪ್ಪು ಗೊತ್ತಾಗೋ ಮುಂಚೆನಾ, ಗೊತ್ತಾದ ಮೇಲೆನಾ? ಮುಂಚೆ ಆಗಿದ್ರೂ ಕೈ ಎತ್ತೋಕೆ ಕಾನೂನಲ್ಲಿ ಅವಕಾಶ ಇಲ್ಲ, ವಾರಂಟ್ ಇರೋನಿಗೂ ಹೊಡೆಯೋ ಹಾಗಿಲ್ಲ. ಗೊತ್ತಾದ ಮೇಲೆ ಆಗಿದ್ರೆ ಅದಕ್ಕೆ ಕಣ್ತಪ್ಪು ಅನ್ನೋ ಹೆಸರು ಹೇಗೆ ಕೊಡ್ತೀರಿ? ಇದಕ್ಕೆ ಉತ್ತರ ಇದ್ದಿದ್ದು ಆ ಕ್ಯಾಮೆರಾದಲ್ಲಿ ಮಾತ್ರ.

ಫುಟೇಜ್ ಕೈಗೆ ಬರೋಕೆ ನಾಲ್ಕೂವರೆ ತಿಂಗಳು ಹಿಡೀತು. ಮೊದಲು ಬಾಯಿಮಾತಲ್ಲಿ ಕೇಳಿದಾಗ ಡಿವಿಆರ್, ಅಂದ್ರೆ ಕ್ಯಾಮೆರಾದ್ದು ರೆಕಾರ್ಡ್ ಆಗೋ ಪೆಟ್ಟಿಗೆ, ರಿಪೇರಿಗೆ ಹೋಗಿದೆ ಅಂದ್ರು. ಆಮೇಲೆ ಆರ್‌ಟಿಐ ಹಾಕಿದ್ರೆ ತನಿಖೆಗೆ ಅಡ್ಡಿಯಾಗುತ್ತೆ ಅಂತ ಸೆಕ್ಷನ್ 8(1)(ಎಚ್) ತೋರಿಸಿ ತಿರಸ್ಕರಿಸಿದ್ರು. ಕೊನೆಗೆ ನಮ್ಮ ವಕೀಲರು ಮ್ಯಾಜಿಸ್ಟ್ರೇಟ್ ಕೋರ್ಟ್‌ನಲ್ಲಿ ಅರ್ಜಿ ಹಾಕಿ, ಆದೇಶ ಆಗಿ, ಒಂದು ಪೆನ್‌ಡ್ರೈವ್ ಬಂತು. ರಿಪೇರಿಗೆ ಹೋಗಿದ್ದ ಡಿವಿಆರ್‌ನಲ್ಲಿ ಆ ದಿನದ್ದು ಎಲ್ಲಾ ಇತ್ತು.

ಚಿತ್ರ ಮಾತ್ರ ತುಂಬಾ ಚೆನ್ನಾಗಿದೆ, ಠಾಣೆ ಬರವಣಿಗೆ ನೋಡ್ಕೊಳ್ಳೋ ರೈಟರ್ ಟೇಬಲ್ ಮೇಲಿರೋ ರಿಜಿಸ್ಟರ್‌ನ ಗೆರೆ ಕೂಡ ಕಾಣುತ್ತೆ. 7:12ಕ್ಕೆ ಹುಡುಗ ಒಳಗೆ ಬರ್ತಾನೆ. 7:31ಕ್ಕೆ ಗುರುತಿನ ಚೀಟಿ ಕೊಡ್ತಾನೆ, ಹೆಡ್ ಕಾನ್ಸ್‌ಟೇಬಲ್ ಅದನ್ನೂ ವಾರಂಟನ್ನೂ ಪಕ್ಕಪಕ್ಕ ಇಟ್ಟು ಬೆರಳಿಟ್ಟು ಓದ್ತಾರೆ, ಎದ್ದು ಒಳಗಿನ ರೂಮಿಗೆ ಹೋಗ್ತಾರೆ, ವಾಪಸ್ ಬಂದು ವಾರಂಟ್ ಮಡಿಚಿ ಫೈಲಿಗೆ ಸೇರಿಸ್ತಾರೆ. ಹೊಡೆದಿದ್ದು 7:44ಕ್ಕೆ, ಇವನು ಎದ್ದು ನಿಂತು ಏನೋ ಕೇಳಿದಾಗ. ನಮ್ಮನ್ನ ಯಾಕೆ ಕರ್ಕೊಂಡು ಬಂದ್ರಿ ಸಾರ್ ಅಂತ ಕೇಳಿದ್ದೆ ಅಂತ ಅವನು ಮೊದಲ ದಿನದಿಂದ್ಲೂ ಹೇಳ್ತಿದ್ದ. ನಡುವೆ 13 ನಿಮಿಷ ಇದೆ. ಅಷ್ಟೊತ್ತಿಗೆ ಅಲ್ಲಿದ್ದ ಎಲ್ಲರಿಗೂ ಇವನು ಆ ಮನುಷ್ಯ ಅಲ್ಲ ಅಂತ ಗೊತ್ತಿತ್ತು.

ಇನ್ನೊಂದು ವಿಷಯನೂ ಬರೀಲೇಬೇಕು. ಕರ್ಕೊಂಡು ಬಂದ ಆ ಇಬ್ಬರೂ ಠಾಣೇಲಿ ಹೊಡೆದ್ರು ಅಂತ ನಾವು ದೂರಲ್ಲಿ ಸೇರಿಸಿದ್ವಿ, ಹುಡುಗ ಗಾಬರಿಲಿದ್ದ, ನಾವು ಸಿಟ್ಟಲ್ಲಿದ್ವಿ. ಫುಟೇಜ್‌ನಲ್ಲಿ ನೋಡಿದ್ರೆ ಅವರು ಮುಟ್ಟೇ ಇಲ್ಲ, ಒಬ್ಬರು ನೀರು ತಂದು ಕೊಟ್ಟಿದ್ದಾರೆ. ಅವರ ಹೆಸರು ಕೈಬಿಡಿ ಅಂತ ನಾವೇ ಬರೆದುಕೊಟ್ವಿ. ಅವರದ್ದು ನಿಜವಾಗ್ಲೂ ತಪ್ಪು ಗ್ರಹಿಕೆ. ಕ್ಯಾಮೆರಾ ಇಲ್ದಿದ್ರೆ ಆ ಇಬ್ಬರೂ ಹೊಡೆದೋರ ಜೊತೆ ಒಂದೇ ಸಾಲಲ್ಲಿ ನಿಲ್ಲಬೇಕಿತ್ತು.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಆಡಿಯೋ ಇಲ್ಲದ್ದಕ್ಕೆ, ಮತ್ತೆ ಆ ಒಳಗಿನ ರೂಮಲ್ಲಿ ಕ್ಯಾಮೆರಾನೇ ಇಲ್ಲದ್ದಕ್ಕೆ. 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಕೇಸಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಲ್ಲಿ ಎರಡೂ ಸ್ಪಷ್ಟವಾಗಿದೆ: ಗೇಟು, ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಮತ್ತೆ ಎಸ್‌ಐ ರೂಮು, ಠಾಣೆ ಹಿಂಭಾಗ ಎಲ್ಲಾ ಕಡೆ ಕ್ಯಾಮೆರಾ ಇರಬೇಕು, ನೈಟ್ ವಿಷನ್ ಇರಬೇಕು, ಧ್ವನಿನೂ ರೆಕಾರ್ಡ್ ಆಗಬೇಕು, 18 ತಿಂಗಳು ಇಟ್ಟಿರಬೇಕು, ಅಂಥ ಉಪಕರಣ ಸಿಗದೇ ಇದ್ರೂ 1 ವರ್ಷಕ್ಕಿಂತ ಕಡಿಮೆ ಇರೋ ಹಾಗಿಲ್ಲ. ಕ್ಯಾಮೆರಾ ಕೆಟ್ಟರೆ ಜವಾಬ್ದಾರಿ ಠಾಣಾಧಿಕಾರಿದೇ.

ಇಷ್ಟು ಕಟ್ಟುನಿಟ್ಟು ಯಾಕೆ ಬೇಕು ಅನ್ನೋರು ಅದೇ ವರ್ಷ ಜೂನ್‌ನಲ್ಲಿ ತಮಿಳುನಾಡಿನ ಸಾತ್ತಾನ್‌ಕುಳಂ ಠಾಣೇಲಿ ಆಗಿದ್ದನ್ನ ನೆನಪಿಸ್ಕೊಳ್ಳಿ. ಅಪ್ಪ ಮಗ ಇಬ್ಬರೂ ಪೊಲೀಸ್ ಏಟಿನ ನಂತರ ಸತ್ತರು. ಮ್ಯಾಜಿಸ್ಟ್ರೇಟ್ ಹೋಗಿ ನೋಡಿದ್ರೆ ಹಾರ್ಡ್ ಡಿಸ್ಕ್ 1 ಟಿಬಿ ಇತ್ತು, ಜಾಗ ಧಾರಾಳವಾಗಿತ್ತು, ಆದ್ರೆ ದಿನಾ ತಾನಾಗೇ ಅಳಿಸಿಹೋಗೋ ಹಾಗೆ ಸೆಟ್ಟಿಂಗ್ ಇತ್ತು. ಅದನ್ನ ಓದಿದ ಮೇಲೆ ಟೆಕ್ನಿಕಲ್ ಪ್ರಾಬ್ಲಮ್ ಅನ್ನೋ ಮಾತು ಕೇಳಿದ್ರೆ ನನಗೆ ಹೊಟ್ಟೆ ಕಿವುಚುತ್ತೆ.

ನೀವು ಈ ಸೇವೆ ಬಳಸೋ ಪರಿಸ್ಥಿತಿ ಬಂದ್ರೆ, ಬರದೇ ಇರ್ಲಿ, ಅದೇ ದಿನ ಅಥವಾ ಮಾರನೇ ದಿನ ಫುಟೇಜ್ ಅಳಿಸದೆ ಕಾಯ್ದಿಡಿ ಅಂತ ಲಿಖಿತವಾಗಿ ಕೊಡಿ, ಸ್ವೀಕೃತಿ ತಗೊಳ್ಳದೆ ಎದ್ದು ಬರಬೇಡಿ. ಟೈಮ್ ಬರೆಯುವಾಗ ಹಿಂದೆ ಮುಂದೆ ಅರ್ಧರ್ಧ ಗಂಟೆ ಜಾಸ್ತಿ ಕೇಳಿ, ನಮ್ಮ ಡಿವಿಆರ್‌ನ ಗಡಿಯಾರ 17 ನಿಮಿಷ ಹಿಂದಿತ್ತು. ಆಸ್ಪತ್ರೆ ಚೀಟಿ ಮೇಲಿನ ಟೈಮ್ ಜೊತೆ ಅದನ್ನ ಹೊಂದಿಸೋಕೆ ನಾವು ಒಂದು ರಾತ್ರಿ ಪೂರ್ತಿ ಕೂತಿದ್ವಿ.

ಈಗ ಇಲಾಖಾ ವಿಚಾರಣೆ ಶುರುವಾಗಿದೆ. ಹೊಸ ನೋಟಿಸ್‌ನಲ್ಲಿ ಕಣ್ತಪ್ಪು ಅನ್ನೋ ಪದ ಇಲ್ಲ. ಹುಡುಗನ ಕಿವಿಗೆ ಮುಂದಿನ ತಿಂಗಳು ಆಪರೇಷನ್ ಇದೆ.