ನೂರ್ ಮೆಸೇಜಿಗೆ ಕಾಯೋದಾ, ಪೊಗೊರೆನ್‌ನಲ್ಲಿ ಕಟ್ಟಿಗೆ ಎಣಿಸೋದಾ?

ಯುದ್ಧದಲ್ಲಿ ಸಿಕ್ಕಾಕೊಂಡ ಸಾಮಾನ್ಯ ಜನರ ಕಥೆ ಹೇಳೋ ಎರಡು ಗೇಮಲ್ಲಿ ಯಾವ್ದು ತಗೊಳೋದು? ಮೊದ್ಲೇ ಹೇಳ್ಬಿಡ್ತೀನಿ, ನನ್ ವೋಟು ‘ಬೆರಿ ಮೀ, ಮೈ ಲವ್’ಗೆ. ‘ದಿಸ್ ವಾರ್ ಆಫ್ ಮೈನ್’ ಹೆಸರು ಜಾಸ್ತಿ ಜನ ಕೇಳಿರ್ತೀರ, ನಾನೂ ಮೊದ್ಲು ದುಡ್ಡು ಹಾಕಿದ್ದು ಅದಕ್ಕೇನೇ. ಎರಡೂ ಫೋನಲ್ಲೇ ಆಡಿದ್ದು.

ದಿಸ್ ವಾರ್ ಆಫ್ ಮೈನ್ 2014ರಲ್ಲಿ ಪೋಲೆಂಡ್‌ನವರು ಮಾಡಿದ್ದು. 1992ರಲ್ಲಿ ಶುರುವಾದ ಬೋಸ್ನಿಯಾದ ಸರಯೇವೋ ಊರಿನ ಮುತ್ತಿಗೆನೇ ಅದಕ್ಕೆ ಮೂಲ, ಪೊಗೊರೆನ್ ಅನ್ನೋ ಊರು ಮಾತ್ರ ಕಲ್ಪನೆದು. ಅಲ್ಲಿ ನೀವು ಸೈನಿಕ ಅಲ್ಲ, ಊರಲ್ಲಿ ಸಿಕ್ಕಾಕೊಂಡ ಸಾಮಾನ್ಯ ಜನ. ಹಗಲು ಸ್ನೈಪರ್ ಭಯಕ್ಕೆ ಮನೆ ಒಳಗೇ ಇರ್ಬೇಕು, ರಾತ್ರಿ ಒಬ್ಬರು ಸಾಮಾನು ಹುಡುಕಕ್ಕೆ ಹೋಗ್ಬೇಕು. ಒಂದ್ಸಲ ಮುದುಕ ಮುದುಕಿ ಇಬ್ರೇ ಇರೋ ಮನೆಗೆ ನುಗ್ಗಿ ಊಟ, ಔಷಧಿ ಎತ್ಕೊಂಡ್ ಬಂದೆ, ಆ ಅಜ್ಜ ಬೇಡ್ಕೊತಾ ಹಿಂದೇನೇ ಬರ್ತಿದ್ದ. ಅವತ್ತು ರಾತ್ರಿ ನಿಜವಾಗ್ಲೂ ನಿದ್ದೆ ಹತ್ಲಿಲ್ಲ. ಆದ್ರೆ ಆಡ್ತಾ ಆಡ್ತಾ ಕಟ್ಟಿಗೆ ಎಷ್ಟು, ನೀರಿನ ಫಿಲ್ಟರ್ ಎಷ್ಟು ಅನ್ನೋ ಲೆಕ್ಕದಲ್ಲೇ ಮುಳುಗಿ ಜನರ ಮುಖ ಮರ್ತೋಯ್ತು ನಂಗೆ.

ಬೆರಿ ಮೀ 2017ರದ್ದು, ಫ್ರಾನ್ಸ್‌ನದು. ನೂರ್ ಸಿರಿಯಾದಿಂದ ಯೂರೋಪಿಗೆ ಹೊರಟಿದಾಳೆ, ನೀವು ಊರಲ್ಲೇ ಉಳಿದ ಅವಳ ಗಂಡ ಮಜ್ದ್, ಚಾಟ್ ಬಿಟ್ರೆ ನಿಮ್ ಕೈಲಿ ಏನೂ ಇಲ್ಲ. ಅಂತ್ಯ 19 ಇವೆ.

ಇದ್ರಲ್ಲಿ ಒಂದೇ ತಲೆನೋವು. ನೂರ್ ಬಸ್ ಹತ್ತಿದ್ರೆ ಗಂಟೆಗಟ್ಲೆ ಸುದ್ದಿ ಇರಲ್ಲ, ಆಮೇಲೆ ನೋಟಿಫಿಕೇಶನ್ ಬರುತ್ತೆ, ಆಟದ ಜೀವಾನೇ ಅದು. ನನ್ ಫೋನಿನ ಬ್ಯಾಟರಿ ಸೇವರ್ ಆ ನೋಟಿಫಿಕೇಶನ್ ಬರೋಕೇ ಬಿಡ್ತಿರ್ಲಿಲ್ಲ. ಎರಡು ದಿನ ಸುದ್ದಿ ಇಲ್ಲ, ಏನಾಯ್ತೋ ಅಂತ ಆಫೀಸಲ್ಲೂ ಅದೇ ಯೋಚ್ನೆ, ಕೊನೆಗೆ ಆಪ್ ತೆಗೆದ್ರೆ ಅವಳ ಪ್ರಶ್ನೆ ಆಗ್ಲೇ ಬಂದು ಕೂತಿದೆ, ಉತ್ತರ ಕೊಡ್ದೆ ಇದ್ದೋನು ನಾನು!

ಸೆಟ್ಟಿಂಗ್ಸಿಗೆ ಹೋಗಿ ಈ ಆಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದೆ, ಆಟೋ ಸ್ಟಾರ್ಟ್ ಆನ್ ಮಾಡ್ದೆ, ಸರಿ ಹೋಯ್ತು. ವಾರದಲ್ಲಿ ಫೋನ್ ಅಪ್‌ಡೇಟ್ ಆಗಿ ಎಲ್ಲಾ ಮೊದ್ಲಿನ ಹಾಗೇ, ಮತ್ತೆ ಅದೇ ಕೆಲ್ಸ. ತಗೊಳೋರು ಮೊದ್ಲು ಇದನ್ನ ಮಾಡ್ಕೊಳಿ.

ಆ ಎರಡು ದಿನ ನಂಗೆ 2022ರ ಮಾರ್ಚ್ ನೆನಪಾಯ್ತು. ಮೆಡಿಕಲ್ ಓದೋಕೆ ಹೋಗಿದ್ದ ನಮ್ ಚಿಕ್ಕಪ್ಪನ ಮಗ ಯುದ್ಧ ಶುರುವಾಗಿ ಉಕ್ರೇನಿನ ಖಾರ್ಕಿವ್‌ನಲ್ಲಿ ನೆಲಮಾಳಿಗೆ ಸೇರಿದ್ದ, ಚಿಕ್ಕಮ್ಮ ವಾಟ್ಸಾಪಿನ ಒಂದೇ ಟಿಕ್ ನೋಡ್ಕೊಂಡು ಒಲೆ ಮುಂದೆ ಕೂತಿರ್ತಿದ್ರು. ದೂರದೋರ ಕಷ್ಟ ಅಂದ್ರೆ ಏನು ಅಂತ ನಂಗೆ ಗೊತ್ತಾಗಿದ್ದು ಹಾಗೆ, ಈ ಆಟ ಮುಟ್ಟೋದೂ ಅದೇ ಜಾಗಾನ.

ನಾನು ಬಸ್ಸಲ್ಲಿ ಹೋಗಿ ಬರೋನು, ಎರಡೆರಡು ಮೆಸೇಜು ಓದೋಕೆ ಇದೇ ಸರಿ. ಕೂತು ಗಂಟೆಗಟ್ಲೆ ಆಡೋರಿಗೆ ದಿಸ್ ವಾರ್ ಆಫ್ ಮೈನ್ ಚೆನ್ನಾಗಿದೆ, ಆದ್ರೆ ಅದ್ರ ಮೇಲೆ ದುಡ್ಡು ಕೊಟ್ಟು ತಗೊಳೋ ಕಥೆಗಳು ಬೇರೆ ಇವೆ. ದುಡ್ಡೇ ಬೇಡ ಅಂದ್ರೆ ಕಂಪ್ಯೂಟರಲ್ಲಿ ‘ಪಾತ್ ಔಟ್’ ಅನ್ನೋ ಆಟ ಫ್ರೀ, ಸಿರಿಯಾ ಬಿಟ್ಟು ಬಂದ ಅಬ್ದುಲ್ಲಾ ಕರಮ್ ತನ್ನದೇ ಕಥೆ ಹೇಳ್ತಾನೆ.

ಬೆರಿ ಮೀಯಲ್ಲಿ ಕಾಯೋದು ತಪ್ಪಿಸೋ ಫಾಸ್ಟ್ ಮೋಡೂ ಇದೆ. ಮೊದಲ್ನೇ ಸಲಕ್ಕೆ ದಯವಿಟ್ಟು ಅದನ್ನ ಹಾಕ್ಬೇಡಿ.