ಮೆಟಲ್ ಡಿಟೆಕ್ಟರ್ ಕೊಳ್ಳುವ ಮುಂಚೆ ನನ್ನ ಇಪ್ಪತ್ತು ಪೈಸೆ ಕಥೆ ಓದಿ

ಆನ್‌ಲೈನಿನಲ್ಲಿ ಮೆಟಲ್ ಡಿಟೆಕ್ಟರ್ ನೋಡಿ ಕಾರ್ಟಿಗೆ ಹಾಕಿಟ್ಟಿದ್ದರೆ ಸ್ವಲ್ಪ ತಡೆಯಿರಿ. ನಾನೂ ಹೀಗೇ ಹಾಕಿಟ್ಟಿದ್ದೆ. ಹದಿನಾಲ್ಕು ಸಾವಿರ ಹೋಯಿತು, ಅದೇನು ದೊಡ್ಡ ಮಾತಲ್ಲ. ಆದರೆ ಈಗ ಸೋದರಮಾವನ ಮನೆಗೆ ಹೋದರೆ ತಲೆ ಎತ್ತಿ ಕೂತುಕೊಳ್ಳೋಕೆ ಆಗುವುದಿಲ್ಲ.

ಹುಚ್ಚು ಹತ್ತಿದ್ದು ವಿಡಿಯೋಗಳಿಂದ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1980ರಲ್ಲಿ ಒಬ್ಬರಿಗೆ ಡಿಟೆಕ್ಟರ್ ಹಿಡಿದು ಓಡಾಡುವಾಗ 27 ಕಿಲೋ ತೂಕದ ಬಂಗಾರದ ಗಟ್ಟಿಯೇ ಸಿಕ್ಕಿತ್ತಂತೆ. ಇಂಗ್ಲೆಂಡಿನ ಹಾಕ್ಸನ್ ಅನ್ನುವ ಹಳ್ಳಿಯಲ್ಲಿ 1992ರಲ್ಲಿ ಒಬ್ಬ ನಿವೃತ್ತ ಮಾಲಿ, ಗೆಳೆಯ ಹೊಲದಲ್ಲಿ ಕಳೆದುಕೊಂಡ ಸುತ್ತಿಗೆ ಹುಡುಕಿಕೊಡೋಣ ಅಂತ ಹೋದ. ಸಿಕ್ಕಿದ್ದು ಸುಮಾರು 15 ಸಾವಿರ ರೋಮನ್ ನಾಣ್ಯ. ಆಮೇಲೆ ಸುತ್ತಿಗೆಯೂ ಸಿಕ್ಕಿತು, ಅದನ್ನೂ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ! ಇಂಥದ್ದನ್ನೆಲ್ಲ ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಬಿದ್ದುಕೊಂಡು ನೋಡಿದರೆ ಯಾರಿಗೆ ತಾನೇ ಕೈ ಕಡಿಯುವುದಿಲ್ಲ?

ನಾನು ಆಗ ಒಂದು ವಿಷಯ ಗಮನಿಸಲೇ ಇಲ್ಲ. ಆ ಮಾಲಿ ಒಂದಷ್ಟು ನಾಣ್ಯ ಸಿಕ್ಕ ಮೇಲೆ ಅಗೆಯುವುದು ನಿಲ್ಲಿಸಿ ಸಂಬಂಧಪಟ್ಟವರಿಗೆ ಹೇಳಿ ಕಳಿಸಿದ. ಅಲ್ಲಿ ಅದಕ್ಕೆ ಒಂದು ದಾರಿ ಇದೆ. ಹೇಳಿದರೆ ದುಡ್ಡೂ ಬರುತ್ತದೆ, ಮರ್ಯಾದೆಯೂ ಸಿಗುತ್ತದೆ. ನಮ್ಮಲ್ಲಿ ಹೊಲದಲ್ಲಿ ಡಿಟೆಕ್ಟರ್ ಹಿಡಿದವನಿಗೆ ಇರುವುದು ಒಂದೇ ಹೆಸರು. ನಿಧಿಗಳ್ಳ.

ನಮ್ಮ ತಾಯಿಯ ತವರು ಗದಗ ಜಿಲ್ಲೆ. ಆ ಸೀಮೆಯಲ್ಲಿ ಈ ಹುಚ್ಚಿಗೆ ಬೇಕಾದಷ್ಟು ಮೇವಿದೆ. ಲಕ್ಕುಂಡಿಯಲ್ಲಿ ಚಾಲುಕ್ಯರ ಕಾಲದಲ್ಲಿ ಟಂಕಸಾಲೆ ಇತ್ತು. ಶಾಸನಗಳಲ್ಲಿ ಬರುವ ಲೊಕ್ಕಿ ಗದ್ಯಾಣ ಅನ್ನುವ ಬಂಗಾರದ ನಾಣ್ಯಕ್ಕೆ ಆ ಊರಿನದೇ ಹೆಸರು. ಇತ್ತ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಬಂಗಾರ ತೆಗೆಯುತ್ತಿದ್ದರು. ಹೀಗಾಗಿ ನನ್ನ ಲೆಕ್ಕ ಸರಳವಾಗಿತ್ತು: ಹಳ್ಳದಲ್ಲಿ ಬಂಗಾರ, ಹೊಲದಲ್ಲಿ ನಾಣ್ಯ. ಜಾಲಗಾರರಿಗೆ ಸಿಗುತ್ತಿದ್ದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ, ಅದಕ್ಕೆ ಈ ಮೆಷಿನ್ ಬೀಪ್ ಅನ್ನುವುದೇ ಇಲ್ಲ ಅಂತ ಆಮೇಲೆ ತಿಳಿಯಿತು. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ ಬೇರೆ. ಅಲ್ಲಿ ಸಲಿಕೆ ಹಿಡಿದು ಹೋದವನ ಗತಿ ನೀವೇ ಊಹಿಸಿ. ಪುಣ್ಯಕ್ಕೆ ನಾನು ಅಲ್ಲಿಯವರೆಗೆ ಹೋಗಲಿಲ್ಲ. ಮಾಮಾನ ಹೊಲದಲ್ಲೇ ಎಡವಿದೆ.

ಮಾಮಾನದು ನಾಲ್ಕೆಕರೆ ಮಸಾರಿ ಹೊಲ. ಒಂದು ಬದುವಿನ ಆಚೆಗೆ ಹಾಳು ಬಿದ್ದ ಹನುಮಪ್ಪನ ಗುಡಿ. ಶನಿವಾರ ಬೆಳಿಗ್ಗೆ ಆರಕ್ಕೇ ಹೋದೆ. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಉದ್ದನೆಯ ಕೋಲು, ತುದಿಗೆ ತಟ್ಟೆಯಂಥ ಕಾಯಿಲ್. ಈಗ ನೆನೆಸಿಕೊಂಡರೆ ನನಗೇ ಅನುಮಾನ ಬರುತ್ತದೆ, ಇನ್ನು ಊರಿನವರ ಕಥೆ ಏನು?

ಮಸಾರಿ ಅಂದರೆ ಕಬ್ಬಿಣದ ಅಂಶ ಜಾಸ್ತಿ ಇರುವ ಕೆಂಪು ಮಣ್ಣು. ಅಗ್ಗದ ಮೆಷಿನ್ನಿಗೆ ಅದು ಆಗಿಬರುವುದಿಲ್ಲ. ಗ್ರೌಂಡ್ ಬ್ಯಾಲೆನ್ಸ್, ಅಂದರೆ ಆ ಮಣ್ಣಿಗೆ ತಕ್ಕ ಹಾಗೆ ಮೆಷಿನ್ ಹೊಂದಿಸುವುದು, ಸರಿಯಾಗಿ ಮಾಡದಿದ್ದರೆ ಮಣ್ಣಿಗೇ ಕೂಗುತ್ತದೆ. ಮೊದಲ ಒಂದು ತಾಸು ಬರೀ ಸುಳ್ಳು ಬೀಪ್. ಆಮೇಲೆ ಸಿಕ್ಕಿದ್ದು ಎತ್ತಿನ ಲಾಳ ಎರಡು, ಲಾಳದ ಮೊಳೆಗಳು, ಸೋಡಾ ಬಾಟಲಿ ಮುಚ್ಚಳ, ಮಾತ್ರೆಯ ಫಾಯಿಲ್, ಮುರಿದ ಕುಂಟೆಯ ಒಂದು ತುಂಡು. ಡಬ್ಬದ ಮೇಲೆ ಹತ್ತು ಅಡಿ ಆಳದ ನಿಧಿ ಹುಡುಕುತ್ತದೆ ಅಂತ ಬರೆದಿತ್ತು. ಒಂದು ನಾಣ್ಯದ ಮಟ್ಟಿಗೆ ಇಂಥ ಮೆಷಿನ್ ಒಂದು ಗೇಣು ಆಳ ನೋಡಿದರೆ ಹೆಚ್ಚು.

ಹತ್ತು ಗಂಟೆ ಸುಮಾರಿಗೆ ಬದುವಿನ ಹತ್ತಿರ ಒಂದು ಚೆಂದದ ದನಿ ಬಂತು. ಖುರ್ಪಿಯಿಂದ ನಾಲ್ಕು ಬೆರಳು ಕೆದರಿದೆ. ಹಳದಿ ನಾಣ್ಯ! ಎದೆ ಹೊಡೆದುಕೊಂಡಿತು. ಉಗುಳು ಹಚ್ಚಿ ಅಂಗಿ ತುದಿಗೆ ತಿಕ್ಕಿದೆ. ಬಿಸಿಲಿಗೆ ಹಿಡಿದೆ. ಪಳ ಅಂತ ಹೊಳೆಯಿತು. ಒಂದು ಕಡೆ ಕಮಲದ ಹೂವು, ಇನ್ನೊಂದು ಕಡೆ ಸಿಂಹದ ಲಾಂಛನ, 1970. ಹಿತ್ತಾಳೆ ಬಣ್ಣದ ಹಳೆಯ ಇಪ್ಪತ್ತು ಪೈಸೆ. ನಗು ಬಂತು. ತಲೆ ಎತ್ತಿದರೆ ಬದುವಿನ ಮೇಲೆ ಒಬ್ಬ ಕುರಿ ಕಾಯುವ ಹುಡುಗ ನಿಂತು ಕಣ್ಣು ಬಿಟ್ಟು ನೋಡುತ್ತಿದ್ದ. ಕರೆದು ತೋರಿಸಬೇಕಿತ್ತು. ನಾನು ಏನು ಮಾಡಿದೆ ಗೊತ್ತಾ? ಸುಮ್ನೆ ಮುಷ್ಟಿ ಮುಚ್ಚಿ ಜೇಬಿಗೆ ಹಾಕಿಕೊಂಡೆ.

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಹೊಲದ ಸುತ್ತ ಮೂವತ್ತು ಜನ. ಗುಡಿಯ ಹತ್ತಿರ ಹಿಂದೆಯೂ ಯಾರೋ ಅಗೆದಿದ್ದರಂತೆ, ಆ ಸಿಟ್ಟು ಇತ್ತು. "ಎಷ್ಟು ಸಿಕ್ಕಾವ? ತೆಗಿ ಹೊರಗ" ಅಂತ ಒಬ್ಬ ಜೇಬಿಗೇ ಕೈ ಹಾಕಿದ. ಇಪ್ಪತ್ತು ಪೈಸೆ ತೋರಿಸಿದೆ. ಅದನ್ನು ನೋಡಿ ಅವರ ಅನುಮಾನ ಇನ್ನೂ ಜಾಸ್ತಿ ಆಯಿತು. ಒಳ್ಳೆಯದನ್ನು ಬಚ್ಚಿಟ್ಟು ಇದನ್ನು ತೋರಿಸುತ್ತಿದ್ದಾನೆ ಅಂತ. ನನ್ನ ಅದೃಷ್ಟಕ್ಕೆ ಏಟು ಬೀಳುವ ಮುಂಚೆ ಮಾಮಾ ಓಡಿ ಬಂದರು. "ನನ್ನ ಅಳಿಯ ಅದಾನ" ಅಂದರು. ಆಗ ಮಾತು ಅವರ ಮೇಲೇ ತಿರುಗಿತು: "ಹಂಗಾದ್ರ ನೀನೂ ಪಾಲುದಾರ ಏನು?"

ಠಾಣೆಗೆ ಹೋದೆವು. ಅಲ್ಲಿ ಯಾರೂ ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ, ಅದನ್ನು ಹೇಳಲೇಬೇಕು. ಹವ್ಯಾಸ ಸರ್ ಅಂದೆ. "ಹವ್ಯಾಸ ಅಂದ್ರ ಕ್ರಿಕೆಟ್ ಆಡ್ರಿ" ಅಂದರು. ಬರೆಸಿಕೊಂಡು, ಮೆಷಿನ್ ಇಟ್ಟುಕೊಂಡು, ರಾತ್ರಿ ಒಂಬತ್ತಕ್ಕೆ ಬಿಟ್ಟರು. ಕಾನೂನು ನನಗೆ ಅರ್ಥ ಆಗಿದ್ದು ಆ ಬೆಂಚಿನ ಮೇಲೆ ಕೂತಾಗ. ನಮ್ಮ ಹೊಲ, ನಮ್ಮ ಮಣ್ಣು, ಸಿಕ್ಕಿದ್ದು ನಮಗೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆಯಲ್ಲೇ, ನೆಲದಲ್ಲಿ ಹುದುಗಿದ್ದ ವಸ್ತು ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತಿದೆ. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಕರ್ನಾಟಕ 1962ರಲ್ಲಿ ತನ್ನದೇ ನಿಧಿ ಕಾಯ್ದೆ ಮಾಡಿಕೊಂಡಿದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಹಾಗಾಗಿ ಬೇಕಾದ ಹಾಗೆ ಮಾರುವಂತಿಲ್ಲ, ಹೊರದೇಶಕ್ಕೆ ಕಳಿಸುವಂತಿಲ್ಲ. ಇನ್ನು ಲಕ್ಕುಂಡಿ, ಹಂಪಿಯಂಥ ಕಡೆ ಸಂರಕ್ಷಿತ ಜಾಗದಲ್ಲಿ ಅಗೆಯುವುದಂತೂ ಮಾತೇ ಇಲ್ಲ. ಅಂದರೆ ನಿಮಗೆ ಏನೂ ಸಿಗದಿದ್ದರೆ ನೀವು ಹುಚ್ಚ, ಸಿಕ್ಕರೆ ನಿಮಗೆ ತಲೆನೋವು.

ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಬಿಟ್ಟು ಕಳಿಸಿದರು, ಬದುಕಿದೆ ಅಂದುಕೊಂಡು ಹುಬ್ಬಳ್ಳಿಗೆ ಬಂದೆ. ಸುದ್ದಿ ಮಾತ್ರ ಅಲ್ಲೇ ಉಳಿಯಿತು, ಉಳಿದು ಬೆಳೆಯಿತು. ಇಪ್ಪತ್ತು ಪೈಸೆ ಒಂದು ಬಂಗಾರದ ನಾಣ್ಯ ಆಯಿತು. ನಾಣ್ಯ ಒಂದು ಗಡಿಗೆ ಆಯಿತು. ಗಡಿಗೆ ಇನ್ನೂ ಹೊಲದಲ್ಲೇ ಇದೆ, ಅಳಿಯ ಅರ್ಧಕ್ಕೇ ಸಿಕ್ಕಿಬಿದ್ದ ಅಂತ ಆಯಿತು.

ನನಗೂ ಫೋನ್ ಬಂತು. ಯಾರೋ ಒಬ್ಬ, ನಂಬರ್ ಹೇಗೆ ಸಿಕ್ಕಿತೋ. ತನ್ನ ಹತ್ತಿರ ಎಂಟು ಲಕ್ಷದ ವಿದೇಶಿ ಯಂತ್ರ ಇದೆ, ಎರಡು ಸರಳು ಇರುತ್ತವೆ, ಒಂದು ಕಿಲೋಮೀಟರ್ ದೂರದಿಂದಲೇ ಬಂಗಾರದ ಕಡೆ ತಿರುಗುತ್ತವೆ, ಬಾಡಿಗೆಗೆ ಕೊಡುತ್ತೇನೆ ಅಂದ. ಈ ಥರದ ಸರಳು ಬರೀ ಮೋಸ. ಹಿಡಿದವನ ಕೈ ಅಲುಗಿದ ಕಡೆ ತಿರುಗುತ್ತದೆ, ಅಷ್ಟೇ. ಇದೇ ಬಗೆಯ ಖಾಲಿ ಡಬ್ಬವನ್ನು ಬಾಂಬ್ ಹುಡುಕುವ ಯಂತ್ರ ಅಂತ ಇರಾಕಿಗೆ ಮಾರಿದ ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ ಹತ್ತು ವರ್ಷ ಜೈಲಾಯಿತು. ಅದರ ಮೂಲ ಗಾಲ್ಫ್ ಚೆಂಡು ಹುಡುಕಲು ಅಂತ ಮಾರುತ್ತಿದ್ದ ಆಟಿಕೆಯಂಥ ವಸ್ತು! ಫೋನ್ ಇಟ್ಟೆ. ಎಲ್ಲರೂ ಇಡುವುದಿಲ್ಲ, ಅವರ ವ್ಯಾಪಾರ ನಡೆಯುವುದೇ ಅದರಿಂದ.

ಮುಂದಿನ ಅಮಾವಾಸ್ಯೆಯ ಮರುದಿನ ಅತ್ತಿ ಅಳುತ್ತಾ ಫೋನ್ ಮಾಡಿದರು. ರಾತ್ರಿ ಯಾರೋ ಬಂದು ಹೊಲದಲ್ಲಿ ಆರು ಕಡೆ ಆಳುದ್ದ ಅಗೆದು ಹೋಗಿದ್ದಾರೆ. ಬಿತ್ತಿದ ಶೇಂಗಾ ಮಣ್ಣಿನ ಅಡಿ. ಹನುಮಪ್ಪನನ್ನು ಹಾರೆ ಹಾಕಿ ಎಬ್ಬಿಸಿ ಪಕ್ಕಕ್ಕೆ ಮಲಗಿಸಿದ್ದಾರೆ, ಒಂದು ತೋಳು ಒಡೆದಿದೆ. ಕುಣಿಯಲ್ಲಿ ಕುಂಕುಮ, ನಿಂಬೆಹಣ್ಣು, ಕೋಳಿ ಪುಕ್ಕ. ನಿಧಿಗೆ ಬಲಿ ಬೇಕು ಅನ್ನುವ ಮಾತು ಹಳ್ಳಿಯಲ್ಲಿ ಇನ್ನೂ ಇದೆ. ಅತ್ತಿ ಒಂದು ತಿಂಗಳು ಮೊಮ್ಮಗನನ್ನು ಅಂಗಳ ದಾಟಲು ಬಿಡಲಿಲ್ಲ. ಅಕ್ಕಪಕ್ಕದವರೂ ಮಕ್ಕಳನ್ನು ಅವರ ಮನೆಗೆ ಕಳಿಸುವುದು ಬಿಟ್ಟರು.

ಕುಣಿ ಮುಚ್ಚಿಸಲು ಟ್ರ್ಯಾಕ್ಟರ್ ಬಾಡಿಗೆ ನಾನೇ ಕೊಟ್ಟೆ. ಮಾಮಾ ಬೇಡ ಅನ್ನಲಿಲ್ಲ, ತಗೋ ಅಂತಲೂ ಅನ್ನಲಿಲ್ಲ. ಹನುಮಪ್ಪನನ್ನು ಊರಿನವರು ಸೇರಿ ಮತ್ತೆ ನಿಲ್ಲಿಸಿದರು. ಆ ದಿನ ನನ್ನನ್ನು ಕರೆಯಲಿಲ್ಲ.

ಮನೆಯಂಗಳದಲ್ಲಿ ಕಳೆದ ಉಂಗುರ, ತಾಳಿಯ ಗುಂಡು ಹುಡುಕಲು ಈ ಮೆಷಿನ್ ಒಳ್ಳೆಯದೇ. ಅಕ್ಕಪಕ್ಕದವರಿಗೆ ಹೇಳಿ, ಹಗಲಿನಲ್ಲಿ, ಎಲ್ಲರ ಕಣ್ಣೆದುರಿಗೆ ಹುಡುಕಿ. ನಾಣ್ಯದ ಹುಚ್ಚಿದ್ದರೆ ನಾಣ್ಯ ಪ್ರದರ್ಶನಗಳಿಗೆ ಹೋಗಿ, ಬಿಲ್ ಕೊಡುವವರ ಹತ್ತಿರ ತಗೊಳ್ಳಿ. ಹೊಲಕ್ಕೆ, ಹಾಳು ಗುಡಿಯ ಹತ್ತಿರಕ್ಕೆ ಮಾತ್ರ ಒಯ್ಯಬೇಡಿ, ಅದು ನಿಮ್ಮದೇ ಹೊಲ ಆಗಿದ್ದರೂ.

ಮೆಷಿನ್ ತರಲು ನಾನು ಮತ್ತೆ ಠಾಣೆಗೆ ಹೋಗಲಿಲ್ಲ. ಇಪ್ಪತ್ತು ಪೈಸೆ ಮಾಮಾನ ಹತ್ತಿರ ಇದೆ, ದೇವರ ಜಗಲಿಯ ಮೇಲೆ ಕುಂಕುಮದ ಬಟ್ಟಲ ಪಕ್ಕದಲ್ಲಿ. ಭಕ್ತಿಯಿಂದ ಅಲ್ಲ. ವಾರಕ್ಕೊಬ್ಬರಾದರೂ ಇನ್ನೂ ಹೊಲ ಕೇಳಿಕೊಂಡು ಬರುತ್ತಾರಂತೆ. ಬಂದವರಿಗೆಲ್ಲ ಅದನ್ನು ಕೈಗೆ ಕೊಟ್ಟು, "ನೋಡ್ರಿ, ಇದ ಆ ನಿಧಿ" ಅನ್ನುತ್ತಾರೆ.