ನಿಂತ ಮಷಿನ್‌ಗೆ ಗ್ರೀಸ್ ಹಾಕಿ ಅನ್ನುವ ಆ್ಯಪ್: ದಾಲ್ ಮಿಲ್‌ನಿಂದ ಒಂದು ವಿಮರ್ಶೆ

ಹೋದ ಸೀಸನ್‌ನಿಂದ ನಮ್ಮ ದಾಲ್ ಮಿಲ್‌ನಲ್ಲಿ ಒಂದು ಮೇಂಟೆನೆನ್ಸ್ ಆ್ಯಪ್ ಬಳಸುತ್ತಿದ್ದೇವೆ. ಹೆಸರು ಬೇಡ. ಫೀಚರ್ ಪಟ್ಟಿ ಇಂಥ ಎಲ್ಲ ಆ್ಯಪ್‌ಗಳ ಸೈಟ್‌ನಲ್ಲೂ ಇರುತ್ತದೆ, ನೋಡಿಕೊಳ್ಳಿ. ನನ್ನ ತಕರಾರು ರಿಮೈಂಡರ್ ಬಗ್ಗೆ.

ನಮ್ಮ ಪ್ಲಾನ್‌ನಲ್ಲಿ ರಿಮೈಂಡರ್ ಬರುವುದು ತಾರೀಖು ನೋಡಿ. 30 ದಿನಕ್ಕೊಮ್ಮೆ ಕಾಳು ಮೇಲೆತ್ತುವ ಎಲಿವೇಟರ್‌ನ ಬೇರಿಂಗ್‌ಗೆ ಗ್ರೀಸ್, ಅಷ್ಟೇ. ಕಲಬುರಗಿಯ ದಾಲ್ ಮಿಲ್ ತಾರೀಖು ನೋಡಿ ಓಡುತ್ತದಾ? ಜನವರಿಯಲ್ಲಿ ಹೊಸ ತೊಗರಿ ಮಾರ್ಕೆಟ್‌ಗೆ ಬಂತೆಂದರೆ ಹಗಲೂ ರಾತ್ರಿ ರೋಲರ್ ನಿಲ್ಲಲ್ಲ, ಆಗ 30 ದಿನ ಅಂದರೆ 600 ಗಂಟೆ ದಾಟುತ್ತದೆ. ಮಳೆಗಾಲದಲ್ಲಿ ಮಾಲೇ ಇರಲ್ಲ, ವಾರಗಟ್ಟಲೆ ಸ್ವಿಚ್ ಹಾಕಲ್ಲ. ಆ್ಯಪ್‌ಗೆ ಎರಡೂ ಒಂದೇ. "ಬಂದ್ ಇದ್ದ ಮಷಿನ್‌ಗ ಎಷ್ಟು ಗ್ರೀಸ್ ಹಾಕ್ಲಿ ಸಾವ್ಕಾರ್ರ?" ಅಂತ ಮಿಸ್ತ್ರಿ ಕೇಳಿದರು. ಆಮೇಲೆ ಕೇಳುವುದನ್ನೂ ಬಿಟ್ಟರು. ಫೋನ್ ಟಿಂಗ್ ಅಂದ ಕೂಡಲೇ 'ಮುಗಿದಿದೆ' ಒತ್ತುವುದು ರೂಢಿಯಾಯಿತು, ಸೀಸನ್ ಬಂದರೂ ಅದೇ ರೂಢಿ. ಬೇರಿಂಗ್ ಜಾಮ್ ಆಗಿ ಎಲಿವೇಟರ್ ನಿಂತ ದಿನ ಆ್ಯಪ್ ತೆಗೆದು ನೋಡಿದರೆ ಎಲ್ಲ ಹಸಿರು!

ಓಡಿದ ಗಂಟೆ ಲೆಕ್ಕದ ರಿಮೈಂಡರ್ ಬೇಕಾ? ಇದೆ, ದುಬಾರಿ ಪ್ಲಾನ್‌ನಲ್ಲಿ. ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಬೇರೆ ಧಂದೆಯವರಿಗೆ ಅದು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದು, ವಾಪಸ್ ಸಿಗುತ್ತದೆ. ನಾವು ಮಾರುವ 50 ಕಿಲೋ ಚೀಲದ ಬೇಳೆಗೆ ಜಿಎಸ್‌ಟಿಯೇ ಇಲ್ಲ, ಹಾಗಾಗಿ ಕ್ರೆಡಿಟ್ಟೂ ಇಲ್ಲ. ಮಿಲ್ ಬಂದ್ ಇದ್ದರೂ ತಿಂಗಳ ದುಡ್ಡು ತಪ್ಪಲ್ಲ.

ಬಿಟ್ಟುಬಿಡೋಣ ಅಂದರೆ ಅದೂ ಆಗುತ್ತಿಲ್ಲ, ಮಷಿನ್ ಮೇಲೆ ಅಂಟಿಸಿದ ಕ್ಯೂಆರ್ ಸ್ಟಿಕ್ಕರ್‌ನಿಂದ. ಬೆಳಿಗ್ಗೆ ಮಿಸ್ತ್ರಿ ಒಂದು ಕೈಯಲ್ಲಿ ಚಹಾ ಹಿಡಿದು ಕ್ಲೀನರ್‌ನಿಂದ ಪಾಲಿಶರ್‌ವರೆಗೆ ಸುತ್ತು ಹಾಕುತ್ತಾರೆ. ಸ್ಟಿಕ್ಕರ್ ಮೇಲಿನ ಧೂಳನ್ನು ಟವೆಲ್‌ನಿಂದ ಒರೆಸಿ, ಸ್ಕ್ಯಾನ್ ಮಾಡಿ, ಮೋಟರ್ ಮೇಲೆ ಅಂಗೈ ಇಟ್ಟು ಬಿಸಿ ನೋಡಿ, ಅರ್ಧ ದಖನಿ ಅರ್ಧ ಕನ್ನಡದಲ್ಲಿ ವಾಯ್ಸ್ ನೋಟ್ ಬಿಡುತ್ತಾರೆ. ಟೈಪ್ ಮಾಡಿ ಅಂದಿದ್ದರೆ ಮೊದಲ ವಾರವೇ ಫೋನ್ ನನ್ನ ಟೇಬಲ್ ಮೇಲೆ ಬಂದಿರುತ್ತಿತ್ತು. ಯಾವ ಬೇರಿಂಗ್ ಯಾವಾಗ ಹಾಕಿದ್ದು, ಫೋಟೋ ಸಮೇತ ಸಿಗುತ್ತದೆ. ಮೊದಲು ಹಳೆಯದನ್ನು ಬಿಚ್ಚಿ ಬ್ಯಾಗಿಗೆ ಹಾಕಿಕೊಂಡು ಬಜಾರ್‌ಗೆ ಓಡಬೇಕಿತ್ತು. ಈಗ ಫೋನಲ್ಲಿ 'ಯುಸಿಪಿ 208' ಅಂತ ಬೇರಿಂಗ್ ನಂಬರ್ ಹೇಳಿದರೆ ಅಂಗಡಿಯವರು ತೆಗೆದಿಡುತ್ತಾರೆ.

ಗಂಟೆ ಲೆಕ್ಕಕ್ಕೆ ಬೇರೆ ದಾರಿ ಮಾಡಿಕೊಂಡಿದ್ದೇವೆ. ಪ್ಯಾನೆಲ್‌ಗೆ ಓಡಿದ ಗಂಟೆ ಎಣಿಸುವ ಅವರ್ ಮೀಟರ್ ಕೂರಿಸಿ, ಅದರ ರೀಡಿಂಗ್ ಅನ್ನು ಗೂಗಲ್ ಶೀಟ್‌ಗೆ ಹಾಕುತ್ತೇವೆ. ಮಿತಿ ದಾಟಿದರೆ ಸಾಲು ಕೆಂಪಾಗುತ್ತದೆ. ನಾಲ್ಕೈದೇ ಮಷಿನ್ ಇದ್ದವರಿಗೆ ಸುಮ್ನೆ ಈ ಶೀಟ್ ಸಾಕು. ಒಡೂ ಅನ್ನುವ ಬಿಸಿನೆಸ್ ಸಾಫ್ಟ್‌ವೇರ್‌ನಲ್ಲಿ ಒಂದೇ ಆ್ಯಪ್ ಬಳಸಿದರೆ ಪುಕ್ಕಟೆ, ಮೇಂಟೆನೆನ್ಸ್ ಒಂದನ್ನೇ ಆರಿಸಿಕೊಂಡು ನೋಡಬಹುದು. ಅಂಥದ್ದೇ ಇನ್ನೊಂದು ಇಆರ್‌ಪಿನೆಕ್ಸ್ಟ್, ಓಪನ್ ಸೋರ್ಸ್, ಆದರೆ ಪುಕ್ಕಟೆ ನಡೆಸಬೇಕೆಂದರೆ ಸರ್ವರ್ ನೋಡಿಕೊಳ್ಳುವವರು ಬೇಕು, ನಮ್ಮಲ್ಲಿ ಯಾರಿದ್ದಾರೆ?

ಡಿಸ್ಕೌಂಟ್ ಎಷ್ಟೇ ಕೊಡಲಿ, ಶುರುವಿನಲ್ಲೇ ಇಡೀ ವರ್ಷದ ಪ್ಲಾನ್ ತೆಗೆದುಕೊಳ್ಳಬೇಡಿ. ಟ್ರಯಲ್‌ನಲ್ಲೇ ಎರಡು ಮಾತು ಕೇಳಿ: ಮೀಟರ್ ರೀಡಿಂಗ್ ಮೇಲೆ ರಿಮೈಂಡರ್ ಯಾವ ಪ್ಲಾನ್‌ನಲ್ಲಿದೆ, ಬಿಟ್ಟು ಹೋಗುವಾಗ ನಮ್ಮ ಡೇಟಾ ಎಕ್ಸೆಲ್‌ನಲ್ಲಿ ಕೊಡುತ್ತೀರಾ.